ಡಬಲ್ ಓಟಿ ಕೇಳಿದ್ದಕ್ಕೆ ಗೇಟಿನ ಹೊರಗೆ: ಪೀಣ್ಯದ ಒಬ್ಬ ಟೂಲ್ ಅಂಡ್ ಡೈ ಮೇಕರ್ ಪ್ರಕರಣ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಪ್ರೆಸ್ ಟೂಲ್ ಕಾರ್ಖಾನೆ. ಸುಮಾರು 40 ಜನ ಕೆಲಸಗಾರರು. ಅಲ್ಲಿ ಏಳು ವರ್ಷ ದುಡಿದಿದ್ದ ಟೂಲ್ ಅಂಡ್ ಡೈ ಮೇಕರ್ ಒಬ್ಬರನ್ನು 2019ರ ಫೆಬ್ರವರಿ 18ರ ಸೋಮವಾರ ಬೆಳಿಗ್ಗೆ ಗೇಟಿನಲ್ಲೇ ತಡೆದರು. ಸೆಕ್ಯೂರಿಟಿಯವರು ಹೇಳಿದ್ದು ಒಂದೇ ಮಾತು: "ಅಣ್ಣ, ನಿಮ್ಮನ್ನ ಒಳಗೆ ಬಿಡಬೇಡಿ ಅಂದಿದ್ದಾರೆ." ಯಾಕೆ ಅಂತ ಅವರಿಗೂ ಗೊತ್ತಿರಲಿಲ್ಲ. ಕಾಗದ ಏನೂ ಕೊಡಲಿಲ್ಲ.

ಅದಕ್ಕೆ ನಾಲ್ಕು ದಿನ ಮುಂಚೆ, ಗುರುವಾರ, ಓವರ್‌ಟೈಮ್ (ಓಟಿ) ಬಾಕಿ ಕೇಳಿ ಅವರು ಆಫೀಸಿಗೆ ಒಂದು ಪುಟದ ಪತ್ರ ಕೊಟ್ಟಿದ್ದರು.

ಮುಂದಿನ ಆರು ತಿಂಗಳು ಈ ಪ್ರಕರಣ ನಡೆಯಿತು. ಅರ್ಜಿ ಬರೆಯುವಾಗ, ಲೆಕ್ಕ ಹಾಕುವಾಗ, ಕಾರ್ಮಿಕ ಇಲಾಖೆಯ ಕಚೇರಿ ಇರುವ ಕಾರ್ಮಿಕ ಭವನಕ್ಕೆ ಹೋಗಿಬರುವಾಗ ನಾನು ಜೊತೆಗಿದ್ದೆ. ಗುರುತು ಸಿಗದಿರಲಿ ಅಂತ ಕೆಲವು ವಿವರ ಬದಲಿಸಿದ್ದೇನೆ. ಕಾರ್ಖಾನೆಯ ಹೆಸರೂ ಇಲ್ಲಿ ಇಲ್ಲ, ಅವರ ಹೆಸರೂ ಇಲ್ಲ. ಪೀಣ್ಯ, ಬೊಮ್ಮಸಂದ್ರ, ದಾಬಸ್‌ಪೇಟೆಯ ಸಣ್ಣ ಶಾಪ್‌ಗಳಲ್ಲಿ ಕೆಲಸ ಮಾಡುವವರಿಗೆ ಇಂಥದ್ದು ಹೊಸದಲ್ಲ. ಇದರಲ್ಲಿ ಯಾವುದು ನಿಂತಿತು, ಯಾವುದು ನಿಲ್ಲಲಿಲ್ಲ ಅನ್ನುವುದು ಅವರಿಗೆ ಗೊತ್ತಾಗಬೇಕು ಅನ್ನುವುದು ನನ್ನ ಆಸೆ.

ಕೆಲಸ ಎಂಥದ್ದು

ತುಮಕೂರು ಜಿಲ್ಲೆಯವರು. ಐಟಿಐ ಮುಗಿಸಿ, ಒಂದೆರಡು ಶಾಪ್‌ಗಳಲ್ಲಿ ಹೆಲ್ಪರ್ ಆಗಿ ಕೈ ಪಳಗಿಸಿಕೊಂಡು, 2012ರ ಜನವರಿಯಲ್ಲಿ ಈ ಕಾರ್ಖಾನೆ ಸೇರಿದರು. ತಗಡಿನಿಂದ ವಾಹನದ ಬಿಡಿಭಾಗ ಕತ್ತರಿಸುವ ಪಂಚ್ ಮತ್ತು ಡೈ ಮಾಡುವುದು ಅವರ ಕೆಲಸ. ಡೈಗೆ ಬಳಸುವ ಡಿ2 ಸ್ಟೀಲ್ ಹಾರ್ಡನಿಂಗ್ ಆಗಿ ಬಂದ ಮೇಲೆ ಸರ್ಫೇಸ್ ಗ್ರೈಂಡರ್‌ನಲ್ಲಿ ಮೈಕ್ರಾನ್ ಲೆಕ್ಕದಲ್ಲಿ ಸೈಜ್ ತರಬೇಕು. ಪಂಚ್‌ಗೂ ಡೈಗೂ ನಡುವಿನ ಕ್ಲಿಯರೆನ್ಸ್ ಸ್ವಲ್ಪ ತಪ್ಪಿದರೂ ಕತ್ತರಿಸಿದ ಭಾಗದ ಅಂಚಿನಲ್ಲಿ ಬರ್, ಅಂದರೆ ಚೂಪಾದ ಉಳಿಕೆ, ಬರುತ್ತದೆ. ಟೂಲ್ ಬೇಗ ಹೋಗುತ್ತದೆ. ಇಂಥ ಕೈ ತಯಾರಾಗಲು ವರ್ಷಗಟ್ಟಲೆ ಬೇಕು.

ತಿಂಗಳ ಸಂಬಳ ₹20,800. ಅದರಲ್ಲಿ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ ₹15,600, ಉಳಿದದ್ದು ಬೇರೆ ಭತ್ಯೆ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ ₹800, ಗಂಟೆಗೆ ₹100. ದಿನಾ ಎಂಟು ಗಂಟೆ ಶಿಫ್ಟ್, ಅದರ ಮೇಲೆ ಹೆಚ್ಚು ಕಮ್ಮಿ ಎರಡು ಗಂಟೆ ಓಟಿ. ಓಟಿಗೂ ಗಂಟೆಗೆ ₹100 ಲೆಕ್ಕವೇ. ಅದು ಪೇಸ್ಲಿಪ್‌ನಲ್ಲಿ ಬರುತ್ತಿರಲಿಲ್ಲ. 'ಇನ್ಸೆಂಟಿವ್' ಅಂತ ವೋಚರ್ ಬರೆದು ನಗದು ಕೊಡುತ್ತಿದ್ದರು.

1948ರ ಕಾರ್ಖಾನೆಗಳ ಕಾಯಿದೆಯ 59ನೇ ಕಲಂ ಇದಕ್ಕೆ ಸ್ಪಷ್ಟವಾಗಿ ಉತ್ತರ ಕೊಟ್ಟಿತ್ತು. ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿದ ಕೆಲಸಕ್ಕೆ ಸಾಮಾನ್ಯ ಸಂಬಳದ ಎರಡು ಪಟ್ಟು ಕೊಡಬೇಕು. ಆ ಸಂಬಳದಲ್ಲಿ ಭತ್ಯೆಗಳೂ ಸೇರುತ್ತವೆ. ಬರೀ ಬೇಸಿಕ್ ಮೇಲೆ ಲೆಕ್ಕ ಹಾಕುವಂತಿಲ್ಲ. ಅಂದರೆ ಇವರಿಗೆ ಗಂಟೆಗೆ ₹200 ಬರಬೇಕಿತ್ತು.

2019ರ ಶುರುವಿನಲ್ಲಿ ಒಂದು ದೊಡ್ಡ ಆರ್ಡರ್ ಬಂತು. ಟೂಲ್‌ರೂಮಿನವರೆಲ್ಲ ದಿನಾ ನಾಲ್ಕು ಗಂಟೆ ಹೆಚ್ಚಿಗೆ ನಿಲ್ಲಬೇಕು ಅಂದರು ಮಾಲೀಕರು. ಇವರು ಕೇಳಿದರು: "ನಿಲ್ತೀವಿ ಸಾರ್, ಡಬಲ್ ಕೊಡಿ." ಮಾಲೀಕರು ಒಪ್ಪಲಿಲ್ಲ. "ಎಲ್ಲರಿಗೂ ಸಿಂಗಲ್ಲೇ ಕಣಪ್ಪ, ನಿಂಗೊಬ್ಬಂಗೆ ಕೊಟ್ರೆ ನಾಳೆ ಎಲ್ಲರೂ ಬಂದು ನಿಲ್ತಾರೆ." ನಾಲ್ಕು ಜನ ಸಹೋದ್ಯೋಗಿಗಳು ಪತ್ರಕ್ಕೆ ಸಹಿ ಹಾಕ್ತೀವಿ ಅಂದಿದ್ದರು. ಕೊನೆ ಗಳಿಗೆಯಲ್ಲಿ ಹಿಂದೆ ಸರಿದರು. ಅವರ ಮೇಲೆ ನನಗೆ ಕೋಪವಿಲ್ಲ. ಮನೆ ಬಾಡಿಗೆ, ಮಕ್ಕಳ ಫೀಸು ತಲೆಮೇಲಿರುವಾಗ ಸಹಿ ಹಾಕುವುದು ಸುಲಭ ಅಲ್ಲ. ಪತ್ರದಲ್ಲಿ ಉಳಿದದ್ದು ಒಂದೇ ಸಹಿ.

ಮೊದಲ ಎರಡು ದಿನ

ಈ ಪ್ರಕರಣದ ಫಲಿತಾಂಶ ನಿಜವಾಗಿ ತೀರ್ಮಾನವಾದದ್ದು ಗೇಟ್ ಬಂದ್ ಆದ ಮೊದಲ ಎರಡು ದಿನದಲ್ಲಿ. ಅದಕ್ಕೇ ಈ ಭಾಗವನ್ನು ಬಿಡಿಸಿ ಹೇಳುತ್ತೇನೆ.

ಬಾಯಿಮಾತಲ್ಲಿ ಕೆಲಸದಿಂದ ತೆಗೆಯುವ ಮಾಲೀಕರು ಆಮೇಲೆ ಹೇಳುವುದು ಹೆಚ್ಚಾಗಿ ಒಂದೇ: "ನಾವು ತೆಗೆದಿಲ್ಲ, ಅವನೇ ಬರೋದು ನಿಲ್ಲಿಸಿದ." ಕೆಲಸಗಾರ ಬೇಸರದಲ್ಲಿ ಹದಿನೈದು ದಿನ ಮನೆಯಲ್ಲಿ ಕೂತರೆ ಆ ಮಾತಿಗೆ ಬಲ ಬರುತ್ತದೆ. ತೆಗೆದುಹಾಕಿದ್ದಕ್ಕೆ ಕಾಗದ ಇಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ಗೈರುಹಾಜರಿ ಸಾಲುಸಾಲಾಗಿ ಬೀಳುತ್ತಿರುತ್ತದೆ.

ಇವರು ಹಾಗೆ ಕೂರಲಿಲ್ಲ. ಗೇಟಿನಿಂದಲೇ ಎಚ್‌ಆರ್‌ಗೆ ವಾಟ್ಸ್‌ಆ್ಯಪ್ ಮಾಡಿದರು: "ಇಂದು ಬೆಳಿಗ್ಗೆ ಡ್ಯೂಟಿಗೆ ಬಂದಿದ್ದೇನೆ. ಸೆಕ್ಯೂರಿಟಿ ಒಳಗೆ ಬಿಡುತ್ತಿಲ್ಲ. ನಾನು ಕೆಲಸ ಮಾಡಲು ಸಿದ್ಧ." ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಮಂಗಳವಾರ ಮತ್ತೆ ಗೇಟಿಗೆ ಹೋದರು, ಮತ್ತೆ ವಾಪಸ್ ಕಳಿಸಿದರು. ಅದೇ ದಿನ ಮಧ್ಯಾಹ್ನ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ, ಸ್ವೀಕೃತಿ ಕಾರ್ಡ್ ಲಗತ್ತಿಸಿ, ಪತ್ರ ಹೋಯಿತು. ಅದನ್ನು ನಾವು ಕನ್ನಡದಲ್ಲೇ ಬರೆದೆವು. ಯಾವ ದಿನ ಎಷ್ಟು ಗಂಟೆಗೆ ಬಂದೆ, ಯಾರು ತಡೆದರು, ನಾನು ರಾಜೀನಾಮೆ ಕೊಟ್ಟಿಲ್ಲ, ಕೆಲಸಕ್ಕೆ ಬರಲು ಸಿದ್ಧನಿದ್ದೇನೆ, ತೆಗೆದಿದ್ದರೆ ಕಾರಣವನ್ನು ಬರಹದಲ್ಲಿ ಕೊಡಿ. ಇಷ್ಟೇ. ಬೈಗುಳ ಇಲ್ಲ, ಕಲಂಗಳ ಪಟ್ಟಿಯೂ ಇಲ್ಲ.

ಮೂರನೇ ದಿನ ಎಚ್‌ಆರ್‌ನಿಂದ ಫೋನ್ ಬಂತು. "ಒಂದು ರೆಸಿಗ್ನೇಷನ್ ಲೆಟರ್ ಕೊಟ್ಬಿಡಿ ಸಾರ್, ₹45,000 ಸೆಟಲ್ಮೆಂಟ್ ಮಾಡ್ತೀವಿ. ಇಲ್ಲಾಂದ್ರೆ ನಿಮ್ಮ ಪಿಎಫ್‌ಗೂ ತೊಂದ್ರೆ ಆಗುತ್ತೆ." ಈ ಮಾತಿಗೆ ಹೆದರಿ ಸಹಿ ಹಾಕಿದವರನ್ನು ನಾನು ಬಹಳ ನೋಡಿದ್ದೇನೆ. ಪಿಎಫ್ ಕೆಲಸಗಾರರ ದುಡ್ಡು. ಅದಕ್ಕೂ ರಾಜೀನಾಮೆಗೂ ಸಂಬಂಧವೇ ಇಲ್ಲ. ರಾಜೀನಾಮೆ ಬರೆದುಕೊಟ್ಟ ಕೂಡಲೇ ಮಾತ್ರ 'ನನ್ನನ್ನು ತೆಗೆದರು' ಅನ್ನುವ ವಾದವೇ ಬಿದ್ದುಹೋಗುತ್ತದೆ. ಅವರು ಸಹಿ ಹಾಕಲಿಲ್ಲ.

ಇನ್ನೊಂದು ಸಂಕಟ ಇತ್ತು. ಅವರ ಸ್ವಂತ ಟೂಲ್ ಬಾಕ್ಸ್ ಒಳಗಿತ್ತು. ಮೈಕ್ರೋಮೀಟರ್, ವರ್ನಿಯರ್, ಡಯಲ್ ಇಂಡಿಕೇಟರ್, ಎಲ್ಲ ಮಿಟುಟೊಯೊ ಕಂಪನಿಯ ಅಳತೆ ಸಾಧನಗಳು. ವರ್ಷಗಳಿಂದ ಒಂದೊಂದಾಗಿ ದುಡ್ಡು ಕೂಡಿಸಿ ಕೊಂಡದ್ದು. ಅದಿಲ್ಲದೆ ಬೇರೆ ಶಾಪ್‌ನಲ್ಲಿ ಕೆಲಸಕ್ಕೆ ನಿಲ್ಲುವುದೂ ಕಷ್ಟ. ಅದನ್ನೇ ಹಿಡಿದಿಟ್ಟುಕೊಂಡು ಒತ್ತಡ ಹಾಕಿದ್ದು ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ತಂದ ವಿಷಯ. ಪತ್ರದಲ್ಲಿ ಅವುಗಳ ಪಟ್ಟಿಯನ್ನೂ ಸೀರಿಯಲ್ ನಂಬರ್ ಸಮೇತ ಬರೆದಿದ್ದೆವು. ಆಮೇಲೆ ಕಾರ್ಮಿಕ ಇಲಾಖೆಯಿಂದ ಸಂಧಾನದ ಮೊದಲ ನೋಟಿಸ್ ತಲುಪಿದ ಮೇಲೆ ಗೇಟ್ ಪಾಸ್ ಬರೆದು ಟೂಲ್ ಬಾಕ್ಸ್ ಕೊಟ್ಟರು.

'ನೀವು ಸೂಪರ್‌ವೈಸರ್ ಅಲ್ವಾ?'

ಇವರು ಯಾವ ಯೂನಿಯನ್‌ನಲ್ಲೂ ಇರಲಿಲ್ಲ. ಆದರೆ ಕೆಲಸದಿಂದ ತೆಗೆದ ವಿಷಯಕ್ಕೆ ಯೂನಿಯನ್ ಇರಲೇಬೇಕು ಅಂತಿಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯಿದೆಗೆ 1965ರಲ್ಲಿ ಸೇರಿಸಿದ 2ಎ ಕಲಂ ಪ್ರಕಾರ ಒಬ್ಬ ಕೆಲಸಗಾರ ತಾನೊಬ್ಬನೇ ವಿವಾದ ಎತ್ತಬಹುದಿತ್ತು. ಮಾರ್ಚ್ ಮೊದಲ ವಾರ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಎರಡು ಅರ್ಜಿ ಕೊಟ್ಟರು. ಒಂದು, ಕೆಲಸದಿಂದ ತೆಗೆದದ್ದರ ವಿರುದ್ಧ, ಎರಡೂ ಕಡೆಯವರನ್ನು ಕೂರಿಸಿ ರಾಜಿಗೆ ಪ್ರಯತ್ನಿಸುವ ಸಂಧಾನಾಧಿಕಾರಿ ಮುಂದೆ. ಇನ್ನೊಂದು, ಓಟಿ ಬಾಕಿಗಾಗಿ 1936ರ ವೇತನ ಪಾವತಿ ಕಾಯಿದೆಯ ಕೆಳಗೆ. ಆ ಕಾಯಿದೆ ಆಗ ತಿಂಗಳಿಗೆ ₹24,000 ವರೆಗಿನ ಸಂಬಳದವರಿಗೆ ಅನ್ವಯಿಸುತ್ತಿತ್ತು. ಹಾಗಾಗಿ ಇವರು ಅದರೊಳಗೆ ಬಂದರು.

ಸಂಧಾನದ ಹಂತದಲ್ಲಿ ವಕೀಲರಿಗೆ ಅವಕಾಶವಿಲ್ಲ. ಮ್ಯಾನೇಜ್‌ಮೆಂಟ್ ಕಡೆಯಿಂದ ಎಚ್‌ಆರ್ ಬಂದರು. ನಾನು ಹೊರಗೆ ಕೂತಿದ್ದೆ. ಒಳಗೆ ಮಾತಾಡಿದ್ದು ಇವರೇ.

ಮೊದಲ ದಿನವೇ ಎಚ್‌ಆರ್ ಒಂದು ಕಾಗದ ಮುಂದಿಟ್ಟರು. ಒಂದು ವರ್ಷ ಮುಂಚೆ ₹800 ಸಂಬಳ ಏರಿಸಿದಾಗ ಕೊಟ್ಟ ಪತ್ರ. ಅದರಲ್ಲಿ ಇವರ ಹುದ್ದೆ 'ಟೂಲ್‌ರೂಮ್ ಸೂಪರ್‌ವೈಸರ್' ಅಂತ ಬರೆದಿತ್ತು. ಪತ್ರ ಸಿಕ್ಕ ದಿನ ಇವರು ಊರಿಗೆ ಫೋನ್ ಮಾಡಿ ಪ್ರಮೋಷನ್ ಆಯ್ತು ಅಂತ ಹೇಳಿದ್ದರಂತೆ.

ಆ ಒಂದು ಪದದ ಪರಿಣಾಮ ಏನು ಗೊತ್ತಾ? ಆಗಿನ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿ ತಿಂಗಳಿಗೆ ₹10,000ಕ್ಕಿಂತ ಹೆಚ್ಚು ಸಂಬಳದ ಮೇಲ್ವಿಚಾರಕರು 'ಕೆಲಸಗಾರ' ಅನ್ನುವ ವ್ಯಾಖ್ಯೆಯಿಂದ ಹೊರಗಿದ್ದರು. ಅಂಥವರಿಗೆ ಸಂಧಾನವೂ ಇರಲಿಲ್ಲ, ಕಾರ್ಮಿಕ ನ್ಯಾಯಾಲಯವೂ ಇರಲಿಲ್ಲ. ಕಾರ್ಖಾನೆಗಳ ಕಾಯಿದೆಯ ನಿಯಮಗಳಲ್ಲೂ ಮೇಲ್ವಿಚಾರಣೆ ಹುದ್ದೆಯವರಿಗೆ ಓಟಿಯಿಂದ ವಿನಾಯಿತಿ ಇರಬಹುದಿತ್ತು. ಆದರೆ ಕೈಯಿಂದ ಕೆಲಸ ಮಾಡುವ ನುರಿತ ಕೆಲಸಗಾರರಿಗೆ ಸಂಬಳದ ಮಿತಿಯೇ ಇರಲಿಲ್ಲ. ಎಷ್ಟೇ ಸಂಬಳ ಇದ್ದರೂ ಅವರು ಕೆಲಸಗಾರರೇ. ಅಂದರೆ ₹800 ಏರಿಸಿದ ಅದೇ ಪತ್ರ ಎರಡು ಕಾಯಿದೆಗಳ ರಕ್ಷಣೆಯನ್ನು ಒಟ್ಟಿಗೆ ತೆಗೆದುಹಾಕಲು ದಾರಿ ಮಾಡಿಕೊಟ್ಟಿತ್ತು. ಮಾಲೀಕರು ಬೇಕಂತಲೇ ಹಾಗೆ ಮಾಡಿದರೋ ಇಲ್ಲವೋ ನಾನು ಹೇಳಲಾರೆ. ಆದರೆ ಬಳಸಿಕೊಂಡದ್ದಂತೂ ನಿಜ.

ಆದರೆ ಹುದ್ದೆಯ ಹೆಸರು ಮುಖ್ಯವಲ್ಲ, ಮಾಡುವ ಕೆಲಸ ಮುಖ್ಯ. ಸೀಬಾ ಗೈಗಿ ಕಂಪನಿಯ ಉದ್ಯೋಗಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1985ರಲ್ಲೇ ಇದನ್ನು ಹೇಳಿದೆ. ಆ ವ್ಯಕ್ತಿಯ ಪ್ರಧಾನ ಕೆಲಸ ಏನು ಅಂತ ನೋಡಬೇಕು. ಅಲ್ಲಲ್ಲಿ ಸ್ವಲ್ಪ ಮೇಲ್ವಿಚಾರಣೆ ಮಾಡಿದ ಮಾತ್ರಕ್ಕೆ ಅವರು ಕೆಲಸಗಾರರ ಸಾಲಿನಿಂದ ಹೊರಗೆ ಹೋಗುವುದಿಲ್ಲ.

ಇದನ್ನು ಸಾಬೀತು ಮಾಡಲು ಕೈಗೆ ಬಂದದ್ದು ಅವರ ಪಾಕೆಟ್ ಡೈರಿ. ಯಾವತ್ತೋ ಮೇಷ್ಟ್ರೊಬ್ಬರು ಹೇಳಿದ್ದರಂತೆ, ದಿನದ ಕೆಲಸ ಬರೆದಿಡು ಅಂತ. ಆ ಅಭ್ಯಾಸ ಬಿಟ್ಟಿರಲಿಲ್ಲ. ತಾರೀಖು, ಒಳಗೆ ಹೋದ ಸಮಯ, ಹೊರಗೆ ಬಂದ ಸಮಯ, ಯಾವ ಜಾಬ್ ನಂಬರ್, ಯಾವ ಮೆಷಿನ್, ಎಷ್ಟು ಸೈಜ್ ಬಂತು. ಪುಟ ತಿರುವಿದಷ್ಟೂ ಗ್ರೈಂಡಿಂಗ್, ಫಿಟ್ಟಿಂಗ್, ಟ್ರೈಔಟ್. ಯಾರಿಗಾದರೂ ರಜೆ ಮಂಜೂರು ಮಾಡಿದ್ದು, ಯಾರ ಮೇಲಾದರೂ ಕ್ರಮ ತೆಗೆದುಕೊಂಡದ್ದು, ಸಂಬಳಕ್ಕೆ ಶಿಫಾರಸು ಮಾಡಿದ್ದು ಒಂದೂ ಇಲ್ಲ. ಕಾರ್ಖಾನೆಯ ಜಾಬ್ ಕಾರ್ಡ್‌ಗಳ ಕೆಲವು ಫೋಟೋ ಅವರ ಫೋನಿನಲ್ಲಿದ್ದವು. ಅಲ್ಲೂ ಇವರ ಸಹಿ ಇದ್ದದ್ದು 'ಆಪರೇಟರ್' ಅನ್ನುವ ಜಾಗದಲ್ಲಿ.

ಸಂಧಾನಾಧಿಕಾರಿ ತೀರ್ಪು ಕೊಡುವವರಲ್ಲ. ಆದರೂ ಡೈರಿ ನೋಡಿ ಎಚ್‌ಆರ್‌ಗೆ ಕೇಳಿದರು: "ಇವರ ಕೈಕೆಳಗೆ ಎಷ್ಟು ಜನ ಇದ್ರು? ಅವರ ಹೆಸರು ಕೊಡಿ." ಉತ್ತರ ಬರಲಿಲ್ಲ. ಆಮೇಲೆ ಆ ವಾದ ಮತ್ತೆ ಬರಲೇ ಇಲ್ಲ.

ಎರಡನೇ ಸಭೆಯಲ್ಲಿ ಮಾತು ಬದಲಾಯಿತು. ಈಗ 'ಅವರೇ ಬಿಟ್ಟುಹೋದರು' ಅಂದರು. ಸ್ವೀಕೃತಿ ಕಾರ್ಡ್ ಮತ್ತು ವಾಟ್ಸ್‌ಆ್ಯಪ್ ತೋರಿಸಿದ ಮೇಲೆ ಅದೂ ನಿಲ್ಲಲಿಲ್ಲ. ಮೂರನೇ ಸಭೆಯಲ್ಲಿ 'ಕೆಲಸ ನಿಧಾನ ಮಾಡಿ ಆರ್ಡರ್ ಹಾಳು ಮಾಡಿದರು' ಅಂದರು. ಹಾಗಿದ್ದರೆ ಮೆಮೋ ಎಲ್ಲಿ, ಆರೋಪಪಟ್ಟಿ ಎಲ್ಲಿ, ವಿಚಾರಣೆ ಎಲ್ಲಿ?

ಮ್ಯಾನೇಜ್‌ಮೆಂಟ್ ಸಿಕ್ಕಿಕೊಂಡದ್ದು ಇಲ್ಲೇ. ತಪ್ಪು ಮಾಡಿದ್ದಕ್ಕೆ ತೆಗೆದೆವು ಅಂದರೆ ಆರೋಪ ತಿಳಿಸಿ, ವಿಚಾರಣೆ ಮಾಡಿ, ಅವರ ಮಾತು ಕೇಳಿರಬೇಕು. ತಪ್ಪೇನಿಲ್ಲ, ಕೆಲಸ ಕಮ್ಮಿಯಾಯಿತು ಅಂದರೆ ಕೈಗಾರಿಕಾ ವಿವಾದಗಳ ಕಾಯಿದೆಯ 25ಎಫ್ ಕಲಂ ಪ್ರಕಾರ ಒಂದು ತಿಂಗಳ ನೋಟಿಸ್ ಇಲ್ಲವೇ ಅದರ ಸಂಬಳ, ಜೊತೆಗೆ ಸೇವೆ ಸಲ್ಲಿಸಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ ಪರಿಹಾರ ಕೊಟ್ಟಿರಬೇಕು. ಎರಡರಲ್ಲಿ ಒಂದನ್ನೂ ಮಾಡಿರಲಿಲ್ಲ.

ಲೆಕ್ಕ

2017ರ ಡಿಸೆಂಬರ್‌ನಿಂದ 2019ರ ಜನವರಿವರೆಗೆ 14 ತಿಂಗಳ ಡೈರಿ ಇತ್ತು. ಒಟ್ಟು ಓಟಿ 712 ಗಂಟೆ. ಗಂಟೆಗೆ ₹100 ಕಮ್ಮಿ ಕೊಟ್ಟಿದ್ದರಿಂದ ಬಾಕಿ ₹71,200. ಅಂದರೆ ತಿಂಗಳಿಗೆ ಸುಮಾರು 51 ಗಂಟೆ. ಆಗಿನ ಕಾಯಿದೆಯಲ್ಲಿ ಓಟಿಗೆ ಸಾಮಾನ್ಯ ಮಿತಿ ಮೂರು ತಿಂಗಳಿಗೆ 50 ಗಂಟೆ ಇತ್ತು. ಹಾಗಾಗಿ ಗಂಟೆಗಳ ಲೆಕ್ಕ ಬಾಯಿಬಿಟ್ಟು ಹೇಳಲು ಮ್ಯಾನೇಜ್‌ಮೆಂಟ್‌ಗೇ ಹಿಂಜರಿಕೆ ಇತ್ತು. ವೇತನ ಪಾವತಿ ಕಾಯಿದೆಯಲ್ಲಿ ಅರ್ಜಿ ಹಾಕಲು 12 ತಿಂಗಳ ಗಡುವು ಇತ್ತು. ಅದಕ್ಕಿಂತ ಹಳೆಯ ತಿಂಗಳುಗಳಿಗೆ ತಡವಾದದ್ದು ಯಾಕೆ ಅಂತ ಕಾರಣ ಕೊಟ್ಟು ಬೇರೆ ಕೋರಿಕೆ ಸಲ್ಲಿಸಿದೆವು.

ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಸಿಗುವ ದುಡ್ಡು, ಅದರ ಲೆಕ್ಕ ಹೀಗೆ: ಬೇಸಿಕ್ ಮತ್ತು ಡಿಎ ₹15,600. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ₹9,000. ಏಳು ವರ್ಷಕ್ಕೆ ₹63,000. ಐದು ವರ್ಷ ದಾಟಿದವರಿಗೆ ಇದು ಬರಲೇಬೇಕಾದ ದುಡ್ಡು, ಮಾಲೀಕರ ದಯೆ ಅಲ್ಲ. ನೋಟಿಸ್ ಸಂಬಳ ₹20,800. ತೆಗೆದದ್ದರ ಪರಿಹಾರ, ವರ್ಷಕ್ಕೆ ಅರ್ಧ ತಿಂಗಳ ಸಂಬಳದಂತೆ, ₹72,800. ಎಲ್ಲ ಸೇರಿ ₹2,27,800. ಫೆಬ್ರವರಿಯ ದುಡಿದ ದಿನಗಳ ಸಂಬಳ ಮಾರ್ಚ್‌ನಲ್ಲೇ ಖಾತೆಗೆ ಬಂದಿತ್ತು.

ಈ ನಡುವೆ ಮನೆಯವರ ದೊಡ್ಡ ಚಿಂತೆ ಇಎಸ್‌ಐ, ಅಂದರೆ ಕಾರ್ಮಿಕರ ಆರೋಗ್ಯ ವಿಮೆ. ಅವರ ತಾಯಿಗೆ ಶುಗರ್ ಇತ್ತು, ಔಷಧಿ ಎಲ್ಲ ಇಎಸ್‌ಐನಿಂದಲೇ. ಕೆಲಸ ಹೋದ ಕೂಡಲೇ ಕಾರ್ಡ್ ನಿಲ್ಲುತ್ತದೆ ಅಂತ ಹಲವರು ಅಂದುಕೊಂಡಿರುತ್ತಾರೆ. ಹಾಗಲ್ಲ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿದ್ದರೆ ಅದರ ಸೌಲಭ್ಯ ಮುಂದಿನ ಜುಲೈನಿಂದ ಡಿಸೆಂಬರ್‌ವರೆಗೆ ಸಿಗುತ್ತದೆ. ಇವರಿಗೆ ಆ ವರ್ಷದ ಕೊನೆವರೆಗೂ ಔಷಧಿ ಸಿಕ್ಕಿತು.

ರಾಜಿ

ವಾಪಸ್ ಕೆಲಸ ಕೊಡಿ ಅನ್ನುವುದು ಅರ್ಜಿಯ ಮೊದಲ ಬೇಡಿಕೆಯಾಗಿತ್ತು. ಕಾನೂನಿನ ಪ್ರಕಾರ ಅದು ಸರಿಯಾದ ಬೇಡಿಕೆ. ಆದರೆ 40 ಜನರ ಶಾಪ್‌ನಲ್ಲಿ ಮಾಲೀಕರು ದಿನಾ ಮೆಷಿನ್ ಪಕ್ಕದಲ್ಲೇ ಓಡಾಡುತ್ತಾರೆ. ಕೋರ್ಟ್ ಆದೇಶ ತಂದು ಅಲ್ಲಿ ನಿಂತರೆ ದಿನ ಹೇಗೆ ಕಳೆಯುತ್ತದೆ? ಇದನ್ನು ಅವರೂ ಅವರ ಹೆಂಡತಿಯೂ ಕೂತು ಬಹಳ ಮಾತಾಡಿದರು.

ಅರ್ಜಿ ಕೊಟ್ಟು 45 ದಿನ ದಾಟಿದ್ದರಿಂದ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದಿತ್ತು. ಗೆಲ್ಲುವ ಸಾಧ್ಯತೆ ಚೆನ್ನಾಗಿತ್ತು. ಆದರೆ ವರ್ಷಗಳು ಹಿಡಿಯುತ್ತವೆ. ಕೆಲಸವಿಲ್ಲದ ಅವಧಿಯ ಸಂಬಳ ಪೂರ್ತಿ ಸಿಗಬೇಕಾದರೆ ಬೇರೆ ಕಡೆ ಸಂಪಾದನೆ ಇರಲಿಲ್ಲ ಅಂತ ಹೇಳಬೇಕು. 2013ರಲ್ಲಿ ದೀಪಾಲಿ ಗುಂಡು ಸುರ್ವಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರವಾಗಿ ಹೇಳಿದೆ. ಇವರು ಏಪ್ರಿಲ್‌ನಿಂದ ಅಂದ್ರಹಳ್ಳಿಯಲ್ಲಿ ಸ್ನೇಹಿತರ ಶಾಪ್‌ನಲ್ಲಿ ಜಾಬ್ ವರ್ಕ್ ಮಾಡುತ್ತಿದ್ದರು. ಅದನ್ನು ಮುಚ್ಚಿಡಲು ಅವರು ಒಪ್ಪಲಿಲ್ಲ. ನಾನೂ ಅದನ್ನೇ ಬಯಸಿದ್ದೆ.

ಮ್ಯಾನೇಜ್‌ಮೆಂಟ್ ₹45,000ದಿಂದ ₹1,20,000ಕ್ಕೆ ಬಂತು. ಆಗಸ್ಟ್‌ನಲ್ಲಿ ₹2,15,000ಕ್ಕೆ ನಿಂತಿತು. ಸಂಧಾನಾಧಿಕಾರಿ ಮುಂದೆ ಲಿಖಿತ ಒಪ್ಪಂದ ಆಯಿತು, ದುಡ್ಡು ಡಿಮ್ಯಾಂಡ್ ಡ್ರಾಫ್ಟ್‌ನಲ್ಲಿ. 'ಸ್ವಇಚ್ಛೆಯಿಂದ ರಾಜೀನಾಮೆ' ಅಂತ ಬರೆಯಲು ಮ್ಯಾನೇಜ್‌ಮೆಂಟ್‌ನವರು ಕೊನೆವರೆಗೂ ಕೇಳಿದರು. ಇವರು ಒಪ್ಪದೆ 'ಸೇವೆ ಮುಕ್ತಾಯ' ಅಂತ ಬರೆಸಿದರು. ಸರ್ವಿಸ್ ಸರ್ಟಿಫಿಕೇಟ್‌ನಲ್ಲಿ ಹುದ್ದೆ 'ಟೂಲ್ ಅಂಡ್ ಡೈ ಮೇಕರ್' ಅಂತಲೇ ಬಂತು.

ಇದು ಪೂರ್ತಿ ಗೆಲುವು ಅಂತ ನಾನು ಹೇಳಲ್ಲ. ಲೆಕ್ಕಕ್ಕಿಂತ ₹12,800 ಕಮ್ಮಿ. ಕೆಲಸ ಹೋಯಿತು. ಆದರೆ ಮನೆ ನಡೆಸಬೇಕಾದ ಒಬ್ಬ ಮನುಷ್ಯ ಆರು ತಿಂಗಳಲ್ಲಿ, ತಲೆ ತಗ್ಗಿಸದೆ, ತನ್ನ ದುಡಿಮೆಯ ದುಡ್ಡಿನ ಬಹುಪಾಲು ತಂದುಕೊಂಡರು. ಅದು ಸಣ್ಣ ವಿಷಯ ಅಲ್ಲ.

ಇವತ್ತು ಇದೇ ಆದರೆ

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಮೇಲೆ ಹೇಳಿದ ಹಳೆಯ ಕಾಯಿದೆಗಳ ಜಾಗದಲ್ಲಿ ಈಗ ಅವುಗಳನ್ನು ನೋಡಬೇಕು. ಓಟಿಗೆ ಎರಡು ಪಟ್ಟು ಅನ್ನುವುದು ಉಳಿದಿದೆ. ಸಂಬಳ, ಓಟಿ ಬಾಕಿ ಕೇಳುವ ಗಡುವು 12 ತಿಂಗಳಿಂದ ಮೂರು ವರ್ಷಕ್ಕೆ ಏರಿದೆ. ಬಾಕಿ ಕೊಟ್ಟಿದ್ದೇವೆ ಅಂತ ಸಾಬೀತು ಮಾಡುವ ಹೊಣೆ ವೇತನ ಸಂಹಿತೆಯಲ್ಲಿ ಮಾಲೀಕರ ಮೇಲಿದೆ. ಕೆಲಸದಿಂದ ತೆಗೆದರೂ, ತಾವೇ ಬಿಟ್ಟರೂ, ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಕೊಡಬೇಕು. ನೇಮಕಾತಿ ಪತ್ರ ಕಡ್ಡಾಯ. ಮೇಲ್ವಿಚಾರಕರ ಸಂಬಳದ ಮಿತಿ ₹18,000 ಆಗಿದೆ. ಅಂದರೆ ಹುದ್ದೆಯ ಹೆಸರಿನ ಜಗಳ ಮುಂದೆಯೂ ಇರುತ್ತದೆ. ಪ್ರಮೋಷನ್ ಪತ್ರ ಕೈಗೆ ಬಂದಾಗ ಹುದ್ದೆಯ ಸಾಲನ್ನು ಎರಡು ಸಲ ಓದಿ.

ಒಂದು ವಿಷಯದಲ್ಲಿ ಮಾತ್ರ ಗಡುವು ಕಮ್ಮಿಯಾಗಿದೆ. ಕೆಲಸದಿಂದ ತೆಗೆದದ್ದರ ವಿರುದ್ಧ ಹೋಗಲು ಮುಂಚೆ ಮೂರು ವರ್ಷ ಇತ್ತು, ಈಗ ಎರಡು ವರ್ಷ. ಊರಿಗೆ ಹೋಗಿ ಬಂದು ನೋಡೋಣ ಅಂತ ಕೂರುವವರು ಇದನ್ನು ಗಮನಿಸಬೇಕು.

ಸಹಿ ಹಾಕದೆ ಹಿಂದೆ ಸರಿದಿದ್ದ ನಾಲ್ವರಲ್ಲಿ ಇಬ್ಬರು ಅದೇ ವರ್ಷ ತಮ್ಮ ಓಟಿ ಬಾಕಿಗೆ ಅರ್ಜಿ ಹಾಕಿದರು. ಒಂದಷ್ಟು ದುಡ್ಡು ಅವರಿಗೂ ಬಂತು. ಇನ್ನಿಬ್ಬರ ಹತ್ತಿರ ಬರೆದಿಟ್ಟ ಗಂಟೆಗಳ ಲೆಕ್ಕ ಇರಲಿಲ್ಲ. ಅರ್ಜಿ ಹಾಕೋಣ ಅಂತ ಅವರು ಬಂದಾಗ 12 ತಿಂಗಳು ದಾಟಿಹೋಗಿತ್ತು. ಅವರ ಬಾಕಿ ಇವತ್ತಿಗೂ ಬಂದಿಲ್ಲ.